ಚಿತ್ರಪಟಗಳ ಕಟ್ಟು ಮತ್ತು ಕಾಪು

ರಾಜಾ ರವಿವರ್ಮನ ಮೂಲ ತೈಲಚಿತ್ರಗಳನ್ನು ನೋಡಬೇಕಾದರೆ ನಾವು ಮೈಸೂರಿನ ಜಗನ್ಮೋಹನ ಅರಮನೆಯಂತಹ ಸ್ಥಳಗಳಿಗೆ ಹೋಗಬೇಕು. ಆದರೆ ೧೮೯೪ರಲ್ಲಿ ಆತನು ಮುಂಬಯಿಯಲ್ಲಿ ಸ್ಥಾಪಿಸಿದ ಮುದ್ರಣಾಲಯದ ದೆಸೆಯಿಂದ ಲಕ್ಷ್ಮೀ ಸರಸ್ವತಿಯರು ಸಾಮಾನ್ಯ ಗೃಹಸ್ಥನ ನಡುಮನೆಗೂ ಬಂದರು. ಅರಮನೆಯ ಚಿತ್ರಕ್ಕೆ ಕಾವಲುಗಾರರುಂಟು. ಮನೆಯ ಪಟಕ್ಕೆ ನಾವೇ ದಿಕ್ಕು. ಅಂತಹ ಪಟಗಳನ್ನೂ ಹಳೆಯ ಚಲನಚಿತ್ರಗಳ ಭಿತ್ತಿಪತ್ರಗಳನ್ನೂ ಹೆಚ್ಚು ವೆಚ್ಚವಿಲ್ಲದೆ ಉಳಿಸಿಕೊಳ್ಳುವ ಬಗೆಯನ್ನು ವಿಚಾರಮಾಡೋಣ.

ಮೊದಲು ಶತ್ರುಗಳನ್ನು ಅರಿಯಬೇಕು. ಮರದ ತಿರುಳಿನಿಂದ ತಯಾರಾದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ದ್ರವ್ಯವಿರುತ್ತದೆ. ಬೆಳಕು ಗಾಳಿಗಳ ಸಂಪರ್ಕದಿಂದ ಅದು ಹಳದಿಯಾಗುವುದು; ಕಾಗದದಲ್ಲಿ ಹುಟ್ಟುವ ಆಮ್ಲವು ನಾರುಗಳನ್ನು ಕಡಿದು ಅದನ್ನು ಹಪ್ಪಳದಂತೆ ಪೆಳುಸಾಗಿಸುವುದು. ಬಿಸಿಲು ಬಣ್ಣವನ್ನು ಅಳಿಸುತ್ತದೆ. ತೇವವು ಬೂಷ್ಟನ್ನು ತರುತ್ತದೆ. ಅಂಟಿನಲ್ಲಿರುವ ಪಿಷ್ಟವನ್ನು ಅರಸಿ ಬೆಳ್ಳಿಹುಳು ಬರುತ್ತದೆ.

ಕಟ್ಟು ಹಾಕಿಸುವಾಗ ನಾವು ಸಾಮಾನ್ಯವಾಗಿ ಚೌಕಟ್ಟಿನ ಅಂದಕ್ಕೆ ಹಣ ಸುರಿದು, ಕಣ್ಣಿಗೆ ಕಾಣದ ಹಿಂಬದಿಯಲ್ಲಿ ಜಿಪುಣತನ ತೋರುತ್ತೇವೆ. ಇದು ವಿಪರೀತ ಕ್ರಮ. ಹಳೆಯ ಚೌಕಟ್ಟನ್ನೇ ಒರೆಸಿ ಮತ್ತೆ ಬಳಸಬಹುದು. ಆದರೆ ಹಿಂದಿನ ಮರದ ಹಲಗೆಯನ್ನು ತೆಗೆಯಿಸಬೇಕು. ಹಲಗೆಯ ಬಿರುಕುಗಳಿದ್ದೆಡೆ ಪಟದ ಮೇಲೆ ಕಂದುಗೆರೆಗಳು ಮೂಡಿರುವುದನ್ನು ಅನೇಕರು ಕಂಡಿರಬಹುದು. ಅದರ ಬದಲು ಆಮ್ಲರಹಿತವಾದ ರಟ್ಟನ್ನಿರಿಸಿ, ಮುಂದೆ ಅದೇ ಬಗೆಯ ರಟ್ಟನ್ನು ಕಿಟಕಿಯಂತೆ ಕತ್ತರಿಸಿ ಹೊಂದಿಸತಕ್ಕದ್ದು. ಈ ಕಿಟಕಿಯು ಕೇವಲ ಅಲಂಕಾರವಲ್ಲ. ಗಾಜು ಪಟಕ್ಕೆ ತಾಗದಂತೆ ಅದು ತಡೆಯುತ್ತದೆ. ತಾಗಿದರೆ, ಮಳೆಗಾಲದಲ್ಲಿ ಗಾಜಿನ ಒಳಮೈಯ ತೇವದಿಂದ ಬಣ್ಣವು ಗಾಜಿಗೇ ಅಂಟಿಕೊಳ್ಳುವುದುಂಟು.

ಪಟವನ್ನು ರಟ್ಟಿಗೆ ಪೂರ್ತಿಯಾಗಿ ಅಂಟಿಸಲಾಗದು. ಕಾಗದವು ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗುವ ವಸ್ತು. ಮೇಲಂಚಿನಲ್ಲಿ ಮಾತ್ರ ಎರಡು ತೆಳುಕಾಗದದ ತುಂಡುಗಳನ್ನು ಗೋಧಿಪಿಷ್ಟದ ಸರಿಯಿಂದ ಹಚ್ಚಿ ತೂಗಬಿಟ್ಟರೆ ಸಾಕು. ಸರಿಗೆ ಮೈಲುತುತ್ತ ಬೆರೆಸುವ ವಾಡಿಕೆಯನ್ನು ಬಿಡಬೇಕು. ಹುಳುವನ್ನು ಕೊಲ್ಲುವ ಆ ತಾಮ್ರದ ಲವಣವು ಕಾಗದವನ್ನೂ ಸುಡುತ್ತದೆ. ಪಾರದರ್ಶಕ ಅಂಟುಪಟ್ಟಿಯೂ ಬಿಸಿಯೊತ್ತಿ ಹಚ್ಚುವ ಪ್ಲಾಸ್ಟಿಕ್ ಹೊದಿಕೆಯೂ ಇನ್ನೂ ಅಪಾಯಕರ. ನೀರಿಗೆ ಬಿಡುವ ಸರಿಯನ್ನು ಮುಂದೆ ಯಾರಾದರೂ ಬಿಡಿಸಬಲ್ಲರು. ಪ್ಲಾಸ್ಟಿಕ್ಕನ್ನು ಸುಲಭವಾಗಿ ಬಿಡಿಸಲಾರರು. ಹಿಂದೆಗೆಯಲಾಗದ ಯಾವ ಕೆಲಸವನ್ನೂ ಮಾಡಬಾರದೆಂಬುದೇ ಸಂರಕ್ಷಣೆಯ ಮೂಲಸೂತ್ರ.

ತೂಗುಹಾಕಲು ಬಿಸಿಲು ಬೀಳದ ಒಳಗೋಡೆಯೇ ಲೇಸು. ಚೌಕಟ್ಟಿನ ಕೆಳಮೂಲೆಗಳ ಹಿಂದೆ ಬೆಂಡಿನ ಎರಡು ಬಿಲ್ಲೆಗಳನ್ನು ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿಯಾಡುತ್ತದೆ. ಇದಕ್ಕೆ ತಗಲುವ ಖರ್ಚು ನಗಣ್ಯ.

ಇಷ್ಟೂ ಸಾಧ್ಯವಾಗದವರಿಗೆ ಇನ್ನೊಂದು ಮಾರ್ಗವುಂಟು. ಪಟದ ಛಾಯಾಚಿತ್ರವನ್ನು ತೆಗೆಯಿಸಿ, ಅದರ ಪ್ರತಿಯನ್ನು ಗೋಡೆಗೆ ತೂಗುಹಾಕಿ, ಮೂಲವನ್ನು ಆಮ್ಲರಹಿತ ಕಾಗದದ ನಡುವೆ ಸುರುಳಿ ಸುತ್ತದೆ, ಮಡಿಸದೆ, ಚಪ್ಪಟೆಯಾಗಿ ಕತ್ತಲೆಯಲ್ಲಿ ಇರಿಸುವುದು. ಪೂಜೆಯ ಪಟವಾದರೆ ಈ ಉಪಾಯವೇ ಉತ್ತಮ. ದೀಪದ ಹೊಗೆಯೂ ಕುಂಕುಮದ ಕಲೆಯೂ ಪ್ರತಿಯ ಗಾಜಿನ ಮೇಲೆ ಬೀಳಲಿ, ಅಜ್ಜನು ಕೊಂಡು ತಂದ ಕಾಗದವು ಮೊಮ್ಮಕ್ಕಳ ಕೈಗೆ ನಿರ್ಮಲವಾಗಿ ಸೇರಲಿ.