ಗುರುಪಟ್ಟವಿಲ್ಲದ ಗುರುಗಳು

ಕ್ರೈಸ್ತ ವಿದ್ಯಾಸಂಸ್ಥೆಗಳಲ್ಲಿ ಓದಿದವರಿಗೆ ‘ಫಾದರ್’, ‘ಬ್ರದರ್’ ಎಂಬ ಎರಡು ಸಂಬೋಧನೆಗಳು ಚಿರಪರಿಚಿತ. ಆದರೆ ಅವುಗಳ ಅಂತರವನ್ನು ಅರಿತವರು ವಿರಳ. ಕೆಥೋಲಿಕ ಸನ್ಯಾಸ ಸಭೆಗಳಲ್ಲಿ ಬಡತನ, ಬ್ರಹ್ಮಚರ್ಯ, ವಿಧೇಯತೆಗಳೆಂಬ ವ್ರತಗಳನ್ನು ಇಬ್ಬರೂ ಕೈಗೊಂಡಿರುತ್ತಾರೆ. ಬಲಿಪೂಜೆಯನ್ನು ಅರ್ಪಿಸುವ, ಪಾಪನಿವೇದನೆಯನ್ನು ಕೇಳುವ ಅಧಿಕಾರ ಮಾತ್ರ ಗುರುಪಟ್ಟ ಪಡೆದ ಫಾದರರದು. ಬ್ರದರರಿಗೆ ಆ ಪಟ್ಟವಿಲ್ಲ. ಅವರು ಪಟ್ಟ ದೊರೆಯದೆ ಹಿಂದುಳಿದವರಲ್ಲ. ಪಟ್ಟವಿಲ್ಲದೆಯೇ ಸೇವೆ ಸಲ್ಲಿಸುವುದು ತಮಗೆ ಬಂದ ದೈವಕರೆಯೆಂದು ಬಗೆದವರು. ಇಂಥವರು ಫಾದರರನ್ನೂ ಒಳಗೊಂಡ ಸಭೆಯೊಂದರ ಮುಖಂಡರಾಗಬಹುದೇ? ಈ ಹಳೆಯ ಪ್ರಶ್ನೆಗೆ 2022ರಲ್ಲಿ ದೊರೆತ ಉತ್ತರವನ್ನು ನಮ್ಮ ವಾಚಕರ ಮುಂದಿರಿಸುವುದು ಉಚಿತವೆಂದು ಭಾವಿಸಿದ್ದೇವೆ.

ಬೋಧಕ ಬ್ರದರರ ಪರಂಪರೆಯಲ್ಲಿ ಮೊದಲು ನೆನೆಯಬೇಕಾದ ಹೆಸರು ಫ್ರಾನ್ಸಿನ ರೀಮ್ಸ್ ನಗರದ ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ (1651–1719). ಸಿರಿವಂತ ಮನೆತನದಲ್ಲಿ ಹುಟ್ಟಿ, ಸ್ವತಃ ಗುರುಪಟ್ಟ ಪಡೆದಿದ್ದ ಅವರು ಬಡ ಉಪಾಧ್ಯಾಯರನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡರು. ಕ್ಷಾಮದ ಕಾಲದಲ್ಲಿ ತಮ್ಮ ಸಂಪತ್ತನ್ನು ಹಸಿದವರಿಗೆ ಹಂಚಿದರು. ಮಕ್ಕಳಿಗೆ ಓದು ಕಲಿಸುವಾಗ ಲ್ಯಾಟಿನ್ನಿಗೆ ಬದಲಾಗಿ ಮಕ್ಕಳು ಆಡುವ ಫ್ರೆಂಚ್ ಭಾಷೆಯಿಂದಲೇ ಆರಂಭಿಸಿದರು. ತಾಯ್ನುಡಿಯ ಶಾಲೆಯ ಬೆಲೆಯೇನೆಂಬುದನ್ನು ಗಡಿನಾಡ ಕನ್ನಡಿಗರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತಮ್ಮ ನಂತರ ಸಭೆಯನ್ನು ನಡೆಸಲೆಂದು ಡಿ ಲಾ ಸಾಲರು ಹೆನ್ರಿ ಲೂರೋ ಎಂಬ ಬ್ರದರರನ್ನು ಗುರುಪಟ್ಟಕ್ಕೆ ಸಿದ್ಧಗೊಳಿಸುತ್ತಿದ್ದರು. 1690ರಲ್ಲಿ ಅವರು ಅಕಾಲ ಮರಣಕ್ಕೀಡಾದರು. ಅದನ್ನು ದೈವಸಂಕಲ್ಪವೆಂದು ತಿಳಿದ ಸ್ಥಾಪಕರು ತಮ್ಮ ಸಭೆಯಲ್ಲಿ ಇನ್ನು ಯಾರೂ ಗುರುಪಟ್ಟ ಪಡೆಯಬಾರದೆಂದು ನಿಶ್ಚಯಿಸಿದರು. 1717ರಲ್ಲಿ ಬ್ರದರ್ ಬಾರ್ತಲೆಮಿ ಸಭೆಯ ಮುಖ್ಯಸ್ಥರಾಗಿ ಚುನಾಯಿತರಾದರು. ಎಲ್ಲರೂ ಬ್ರದರರೇ ಆಗಿರುವ ಸಭೆಯಲ್ಲಿ ಹೀಗೆ ಪ್ರಶ್ನೆ ತಾನಾಗಿಯೇ ಪರಿಹಾರವಾಯಿತು.

ಕಠಿನವಾದದ್ದು ಇಬ್ಬರೂ ಕೂಡಿ ಬಾಳುವ ಸಭೆಗಳ ಸ್ಥಿತಿ. ಫ್ರಾನ್ಸಿನ ಲೆ ಮಾನ್ ನಗರದಲ್ಲಿ 1837ರಲ್ಲಿ ಬಾಸಿಲ್ ಮೊರೊ ಎಂಬ ಗುರುಗಳು ಫಾದರರನ್ನೂ ಶಾಲಾ ಬ್ರದರರನ್ನೂ ಒಂದುಗೂಡಿಸಿ ಹೋಲಿ ಕ್ರಾಸ್ ಸಭೆಯನ್ನು ಕಟ್ಟಿದರು. 1842ರಲ್ಲಿ ಅಮೇರಿಕದಲ್ಲಿ ನೋಟ್ರ ಡೇಮ್ ವಿದ್ಯಾಪೀಠಕ್ಕೆ ಅಸ್ತಿಭಾರ ಹಾಕಿದ ಫಾದರ್ ಸೋರಿನರ ಜೊತೆಯಲ್ಲಿ ದುಡಿದವರು ಈ ಬ್ರದರರೇ. 1853ರಲ್ಲಿ ಸಭೆ ಬಂಗಾಳಕ್ಕೂ ಕಾಲಿರಿಸಿತು. ಆದರೆ ಒಂದೇ ಸೂರಿನ ಕೆಳಗೆ ಬಾಳಿದರೂ ಸಭೆಯ ಅತ್ಯುನ್ನತ ಪೀಠ ಫಾದರರಿಗೇ ಮೀಸಲಾಗಿತ್ತು. ಧರ್ಮಸಭೆಯ ಕಾನೂನಿನಲ್ಲಿ ಇಂತಹ ಸಭೆಗಳು ‘ಯಾಜಕ ಸಭೆ’ಗಳೆಂದು ಪರಿಗಣಿತವಾದುದೇ ಇದಕ್ಕೆ ಕಾರಣ.

ಯೋಗ್ಯತೆಯ ಕೊರತೆಯಿಂದ ಹೀಗಾಯಿತೆಂದು ಯಾರೂ ತಿಳಿಯಬಾರದು. ಹೋಲಿ ಕ್ರಾಸ್ ಸಭೆಯಿಂದ ಮೊತ್ತಮೊದಲು ಸಂತಪದವಿಗೇರಿದವರು ಫಾದರರಲ್ಲ. ಮಾಂಟ್ರಿಯಲಿನ ಕಾಲೇಜೊಂದರಲ್ಲಿ ಸುಮಾರು ನಾಲ್ವತ್ತು ವರ್ಷ ಬಾಗಿಲು ಕಾಯ್ದ ಬ್ರದರ್ ಆಂಡ್ರೆ. 2010ರಲ್ಲಿ ಅವರಿಗೆ ಆ ಪದವಿ ಸಂದಿತು. ಕಾಸರಗೋಡಿನಿಂದ ಮಂಗಳೂರಿಗೆ ವಿದ್ಯಾಭ್ಯಾಸಕ್ಕೆ ಹೋದ ನಮ್ಮವರು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರವನ್ನು ಬಲ್ಲರು. ಅದರ ಗೋಡೆ, ಮಾಳಿಗೆಗಳನ್ನು ತುಂಬಿರುವ ವರ್ಣಚಿತ್ರಗಳನ್ನು 1899ರಿಂದ 1901ರವರೆಗೆ ರಚಿಸಿದ ಅಂತೋನಿಯೊ ಮೊಸ್ಕೇನಿಯವರು ಯೇಸುಸಭೆಯ ಬ್ರದರರೇ ಆಗಿದ್ದರು.

ಬ್ರದರರ ಸ್ಥಾನಮಾನದ ವಿಚಾರ ರೋಮಿನಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದಿತು. 1996ರಲ್ಲಿ ಪೋಪ್ ದ್ವಿತೀಯ ಜಾನ್ ಪೌಲರು ಸನ್ಯಾಸ ಜೀವನವನ್ನು ಕುರಿತ ತಮ್ಮ ಪ್ರಬೋಧನೆಯಲ್ಲಿ ಇಬ್ಬರೂ ಕೂಡಿರುವ ಸಭೆಗಳ ವಿಷಯವನ್ನೆತ್ತಿದರು. 2015ರಲ್ಲಿ ಬ್ರದರರ ದೈವಕರೆಯನ್ನು ಕುರಿತೇ ಒಂದು ದಸ್ತಾವೇಜು ಹೊರಬಂದಿತು. ಕೊನೆಗೆ 2022ರ ಮೇ 18ರಂದು ಪೋಪ್ ಫ್ರಾನ್ಸಿಸರ ಅನುಮತಿಪತ್ರ ಬಾಗಿಲನ್ನು ತೆರೆಯಿತು. ಅದರಂತೆ ಬ್ರದರರೊಬ್ಬರನ್ನು ಸ್ಥಳೀಯ ಮಠದ ಮುಖ್ಯಸ್ಥರನ್ನಾಗಿ ನೇಮಿಸಲು ಸಭೆಯ ಮಹಾಧಿಕಾರಿಗೆ ತಮ್ಮ ಆಲೋಚನಾಮಂಡಳಿಯ ಸಮ್ಮತಿ ಸಾಕು. ಪ್ರಾಂತದ ಮುಖ್ಯಸ್ಥರಾಗಲು ಅಥವಾ ಸ್ವತಃ ಮಹಾಧಿಕಾರಿಯಾಗಲು ವ್ಯಾಟಿಕನ್ನಿನ ಲಿಖಿತ ಒಪ್ಪಿಗೆ ಬೇಕು. ಅದೇ ವರ್ಷ ಹೋಲಿ ಕ್ರಾಸ್ ಸಭೆಯ ಮಹಾಧಿಕಾರಿಯಾಗಿ ಬ್ರದರ್ ಪಾಲ್ ಬೆಡ್ನಾರ್ಚಿಕ್ ಆಯ್ಕೆಗೊಂಡರು. ಸಭೆಯ ಇತಿಹಾಸದಲ್ಲಿ ಆ ಪೀಠವನ್ನೇರಿದ ಪ್ರಥಮ ಬ್ರದರ್ ಅವರು.

ಇದರಿಂದ ಎಲ್ಲವೂ ಸಮನಾಯಿತೆಂದು ಹೇಳಲಾಗದು. ನಿಯಮ ಬದಲಾಗಲಿಲ್ಲ, ನಿಯಮಕ್ಕೆ ವಿನಾಯಿತಿ ದೊರೆಯಿತು, ಅಷ್ಟೆ. ಪ್ರತಿಯೊಂದು ಪ್ರಕರಣವನ್ನೂ ಅದರ ಕಾರಣಗಳನ್ನೂ ವ್ಯಾಟಿಕನ್ ಪ್ರತ್ಯೇಕವಾಗಿ ತೂಗಿ ನೋಡುತ್ತದೆ. ಫಾದರರೊಬ್ಬರ ಹೆಸರು ಚುನಾವಣೆಯಲ್ಲಿ ಗೆದ್ದರೆ ಇಂತಹ ವಿಶೇಷ ಒಪ್ಪಿಗೆಯ ಮಾತಿಲ್ಲ.

ಆದರೂ ಇದು ಕೇವಲ ಮಠದೊಳಗಿನ ಸಂಗತಿಯೆಂದು ನಮಗೆ ತೋರುವುದಿಲ್ಲ. ವಿದ್ಯಾಸಂಸ್ಥೆಯನ್ನು ನಡೆಸಲು ಬೇಕಾದುದು ಮಕ್ಕಳ ಮನಸ್ಸನ್ನರಿಯುವ ಶಕ್ತಿ, ದುಡ್ಡಿನ ಲೆಕ್ಕದಲ್ಲಿ ಶುದ್ಧಹಸ್ತ, ಸಹೋದ್ಯೋಗಿಗಳೊಡನೆ ಸಮಾನನಾಗಿ ದುಡಿಯುವ ವಿನಯ. ಇವು ಪಟ್ಟದಿಂದ ಬರುವಂಥವಲ್ಲ. ಎಷ್ಟೋ ವರ್ಷ ತರಗತಿಯಲ್ಲಿ ನಿಂತು ದಣಿದವನ ಮಾತಿಗೆ ಆಡಳಿತದ ಕೋಣೆಯಲ್ಲೂ ಬೆಲೆ ಬರಬೇಕೆಂಬುದು ಯಾವ ಮತದ, ಯಾವ ನುಡಿಯ ಶಾಲೆಗೂ ಸಲ್ಲುವ ನ್ಯಾಯ. ಆ ನ್ಯಾಯ ಬ್ರದರರಿಗೆ ತಡವಾಗಿ ದೊರಕಿದೆ. ವಿನಾಯಿತಿಯಾಗಿ ಬಂದುದು ಮುಂದೆ ವಾಡಿಕೆಯಾಗಲೆಂದು ನಾವು ಹಾರೈಸುತ್ತೇವೆ.