ಆಣೆಯ ಮರುದಿನ

ಹರಿಹರದ ಆರೋಗ್ಯ ಮಾತೆಯ ಚರ್ಚಿಗೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಕ್ರೈಸ್ತರ ಜೊತೆ ಸುತ್ತಲ ಹಳ್ಳಿಗಳ ಇತರ ಮತದವರೂ ಬರುತ್ತಾರೆ. ಅವರು ಹೊರುವ ಹರಕೆಗಳಲ್ಲಿ ‘ನಮ್ಮನೆಯವರ ಕುಡಿತ ಬಿಡಿಸಮ್ಮ’ ಎಂಬುದೂ ಇರುತ್ತದೆ. ಹರಕೆಯ ಬೆನ್ನಿಗೇ ಆಣೆ: ‘ನಾಳೆಯಿಂದ ಎಣ್ಣೆ ಮುಟ್ಟಲ್ಲ.’ ಆ ನಾಳೆ ಏನಾಗುತ್ತದೆ?

ಬೇಡವೆಂದುಕೊಂಡೂ ಕುಡಿಯುವುದು, ಅಳತೆ ಏರುತ್ತ ಹೋಗುವುದು, ಬಿಟ್ಟರೆ ಕೈ ನಡುಗುವುದು. ಇವು ಸೇರಿದಲ್ಲಿ ಕುಡಿತ ಕಾಯಿಲೆಯಾಗಿದೆ ಎಂದು ತಿಳಿಯಿರಿ. ಕರ್ನಾಟಕದಲ್ಲಿ 2007ರ ಜುಲೈನಿಂದ ಸಾರಾಯಿ ನಿಂತಿತು, ಕಾಯಿಲೆ ನಿಲ್ಲಲಿಲ್ಲ.

ಎಡವುವ ಜಾಗ ಇದು: ಭಕ್ತಿ ಗಟ್ಟಿಯಿದ್ದರೆ ಆ ಕ್ಷಣದಿಂದಲೇ ಬಿಡಬಹುದು ಎಂಬ ನಂಬಿಕೆ. ಮದ್ಯ ಮಿದುಳನ್ನು ಮಂಕು ಮಾಡುತ್ತದೆ. ವರ್ಷಗಟ್ಟಲೆ ದಿನವೂ ಕುಡಿದವರ ಮಿದುಳು ಆ ಮಂಕಿಗೆದುರಾಗಿ ತನ್ನ ಉದ್ರೇಕವನ್ನು ಏರಿಸಿಟ್ಟುಕೊಂಡಿರುತ್ತದೆ. ಹಗ್ಗಜಗ್ಗಾಟದಲ್ಲಿ ಎದುರಿನವರು ಥಟ್ಟನೆ ಹಗ್ಗ ಬಿಟ್ಟರೆ ನಾವು ಬೆನ್ನಡಿಯಾಗಿ ಬೀಳುವುದಿಲ್ಲವೇ, ಹಾಗೆ. ಕುಡಿತ ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ನಿದ್ದೆಗೇಡು. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಫಿಟ್ಸ್. ಎರಡು-ಮೂರನೆಯ ದಿನ ಇನ್ನು ಕೆಲವರಿಗೆ ಸನ್ನಿ: ಇಲ್ಲದ ಹುಳು ಕಾಣುತ್ತದೆ, ಇಲ್ಲದ ಮಾತು ಕೇಳುತ್ತದೆ. ಮನೆಯವರು ಅದನ್ನು ದೆವ್ವವೆಂದೋ ಶೋಧನೆಯೆಂದೋ ತಿಳಿದು ಪ್ರಾರ್ಥನೆಗೆ ಕೂರುತ್ತಾರೆ. ದಯವಿಟ್ಟು ಪ್ರಾರ್ಥನೆಯನ್ನು ಆಸ್ಪತ್ರೆಯಲ್ಲಿ ಮಾಡಿ. ಈ ಸನ್ನಿಯಲ್ಲಿ ಜೀವ ಹೋಗುವುದುಂಟು. ನಡುಕ ಇಳಿಸುವ ಮಾತ್ರೆಯಿಂದ ಅದನ್ನು ತಡೆಯಬಹುದು. ದಾವಣಗೆರೆಯ ವೈದ್ಯಕೀಯ ಕಾಲೇಜಿನಲ್ಲಿ ಮನೋವೈದ್ಯರಿದ್ದಾರೆ. 14446 ಸರ್ಕಾರದ ಸಹಾಯವಾಣಿ.

ಹಾಗಾದರೆ ವಿಶ್ವಾಸದ ಪಾಲೇನು? ದೊಡ್ಡದು, ಆದರೆ ಅದು ಆಮೇಲಿನ ದಿನಗಳದು. ಬಿಲ್ ವಿಲ್ಸನ್ ಎಂಬ ಅಮೆರಿಕನ್ನನಿಗೆ 1934ರ ಡಿಸೆಂಬರಿನಲ್ಲಿ ದೇವರ ಅನುಭವವಾದದ್ದು ಆಸ್ಪತ್ರೆಯ ಹಾಸಿಗೆಯಲ್ಲಿ, ಚಿಕಿತ್ಸೆಯ ನಡುವೆ. ಐದು ತಿಂಗಳ ನಂತರ ಏಕ್ರನ್ ಊರಿನ ಹೋಟೆಲಿನಲ್ಲಿ ಅವನಿಗೆ ಮತ್ತೆ ಕುಡಿಯುವ ಚಪಲ ಹುಟ್ಟಿತು. ಬಾರಿಗೆ ಹೋಗದೆ ಪಾದ್ರಿಯೊಬ್ಬರಿಗೆ ಫೋನ್ ಮಾಡಿದ. ಕೇಳಿದ್ದು ಆಶೀರ್ವಾದವನ್ನಲ್ಲ, ತಾನು ಮಾತಾಡಬಹುದಾದ ಇನ್ನೊಬ್ಬ ಕುಡುಕನನ್ನು! ಹೀಗೆ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಬಾಬ್ ಕುಡಿತ ಬಿಟ್ಟ 1935ರ ಜೂನ್ 10ನ್ನೇ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಗವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಹುಟ್ಟುಹಬ್ಬ ಎನ್ನುತ್ತದೆ. ಈ ಘಟನೆಯನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಈ ಸಂಗದ ಆರಂಭದ ಸದಸ್ಯರಿಗೆ ಹೊಸ ಒಡಂಬಡಿಕೆಯ ಯಾಕೋಬನ ಪತ್ರ ಬಲು ಪ್ರಿಯ. ತಪ್ಪನ್ನು ಒಬ್ಬರಿಗೊಬ್ಬರು ಒಪ್ಪಿಕೊಳ್ಳಿ ಎಂಬುದು ಅದರ ಬೋಧನೆಗಳಲ್ಲೊಂದು. ಸಂಗ ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದೂ ಅದನ್ನೇ ಕೇಳುತ್ತದೆ. ಕುಡಿತ ನಾಚಿಕೆಯನ್ನು ಹುಟ್ಟಿಸುತ್ತದೆ, ನಾಚಿಕೆ ಮರೆಯಲು ಮತ್ತೆ ಕುಡಿತ. ತನ್ನಂತೆಯೇ ಬಿದ್ದು ಎದ್ದವನೆದುರು ಬಾಯಿಬಿಟ್ಟಾಗ ಆ ಸುತ್ತು ಒಡೆಯುತ್ತದೆ. ಕ್ಷಮೆ ಸಿಕ್ಕಿದೆ ಎಂದು ನಂಬುವವನಿಗೆ ಬಾಯಿಬಿಡುವ ಧೈರ್ಯ ಬೇಗ ಬರುತ್ತದೆ. ಜಾರಿ ಒಂದು ದಿನ ಕುಡಿದರೂ ಅವನು ಹಿಂತಿರುಗಿ ಬಂದಾನು. ಆಣೆಯನ್ನೊಂದೇ ನೆಚ್ಚಿದವನು ಆಣೆ ಮುರಿದೊಡನೆ ಎಲ್ಲವೂ ಮುರಿಯಿತೆಂದು ಕೈಚೆಲ್ಲುತ್ತಾನೆ.

ಕುಡಿತ ಬಿಟ್ಟ ಮೇಲೆ ಪ್ರಭುಭೋಜನದ ದ್ರಾಕ್ಷಾರಸದ ಗತಿಯೇನು ಎಂದು ಹಲವರು ಅಳುಕಿನಿಂದ ಕೇಳುತ್ತಾರೆ. ಕಥೋಲಿಕರು ರೊಟ್ಟಿಯನ್ನಷ್ಟೇ ಸ್ವೀಕರಿಸಿದರೂ ಪ್ರಸಾದ ಪೂರ್ಣವೇ. ಅನೇಕ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಹುಳಿಯದ ರಸವನ್ನೇ ಕೊಡುತ್ತಾರೆ.

ನಮ್ಮ ದೇಶದಲ್ಲಿ ಫಾದರ್ ಜೋ ಪಿರೇರಾ 1981ರಲ್ಲಿ ಮುಂಬಯಿಯ ಬಾಂದ್ರಾದ ಚರ್ಚೊಂದರಲ್ಲಿ ಕೃಪಾ ಫೌಂಡೇಶನ್ ಆರಂಭಿಸಿದರು. ಹನ್ನೆರಡು ಹೆಜ್ಜೆಗಳಿಗೆ ಅವರು ಸೇರಿಸಿದ್ದು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಯೋಗ!

27 ಅಧ್ಯಯನಗಳನ್ನು ಜರಡಿ ಹಿಡಿದ 2020ರ ಕಾಕ್ರನ್ ಪರಾಮರ್ಶೆ, ಸತತವಾಗಿ ಕುಡಿಯದೆ ಉಳಿಯುವುದರಲ್ಲಿ ಆಲ್ಕೊಹಾಲಿಕ್ಸ್ ಅನಾನಿಮಸ್ ಸಂಗದ ದಾರಿ ಇತರ ಹೆಸರಾಂತ ಚಿಕಿತ್ಸೆಗಳಿಗಿಂತ ಮುಂದಿದೆ ಎಂದಿತು. ಆ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕದವು. ಹರಿಹರದ ಹರಕೆಗಳನ್ನೂ ಯಾರಾದರೂ ವರ್ಷಗಟ್ಟಲೆ ಹಿಂಬಾಲಿಸಬೇಕು: ಹರಕೆ ಹೊತ್ತವರಲ್ಲಿ ಯಾರು ಆಸ್ಪತ್ರೆಗೆ ಹೋದರು, ಯಾರಿಗೆ ವಾರವಾರ ಕೂರಲು ಒಂದು ಸಂಗ ಸಿಕ್ಕಿತು, ಯಾರು ಒಂಟಿಯಾಗಿಯೇ ಉಳಿದರು. ದಾವಣಗೆರೆಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಳ್ಳುವಿರಾ?