ಬಿಚ್ಚುವ ಮೊದಲು ಕೇಳುವ ಕಸುಬು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೊರಟ ಗಾಡಿ ದಾರಿಯಲ್ಲಿ ಕೈಕೊಟ್ಟರೆ ಹೋಗುವುದು ಹೊತ್ತು ಮಾತ್ರವಲ್ಲ. ಇಟ್ಟಷ್ಟೂ ರೇಷ್ಮೆಗೂಡು ತೇವ ಕಳೆದುಕೊಂಡು ತೂಕ ಇಳಿಯುತ್ತದೆ. ಚಿಂತಾಮಣಿಯ ಟೊಮೆಟೊಗೂ ಚಿಕ್ಕಬಳ್ಳಾಪುರದ ಹೂವಿಗೂ ಅಷ್ಟು ಹೊತ್ತು ಕಾಯಲಾಗದು. 1980ರಲ್ಲಿ ಬಂದ ಟಿವಿಎಸ್ 50, ಆಮೇಲೆ ಬಂದ ಎಕ್ಸ್‌ಎಲ್ ಮೊಪೆಡ್‌ಗಳು ಈ ಸೀಮೆಯಲ್ಲಿ ಸೊಪ್ಪು, ಗೂಡು, ಹಾಲಿನ ಕ್ಯಾನು ಎಲ್ಲವನ್ನೂ ಹೊತ್ತಿವೆ. ಅಂಥ ಕಾರ್ಬುರೇಟರ್ ಗಾಡಿಗಳು ಇನ್ನೂ ಓಡುತ್ತಿದ್ದರೆ ಅದಕ್ಕೆ ರಸ್ತೆ ಬದಿಯ ಸಣ್ಣ ಗ್ಯಾರೇಜುಗಳೇ ಕಾರಣ. ಅಲ್ಲಿನ ವಿದ್ಯೆಯನ್ನು ನಾವು ಸ್ಪ್ಯಾನರ್ ಹಿಡಿದ ಕೈಯ ಚಳಕವೆಂದು ಹೊಗಳಿ ಸುಮ್ಮನಾಗುತ್ತೇವೆ. ‘ಸ್ಟಾರ್ಟ್ ಆಗುತ್ತೆ, ಆಮೇಲೆ ಆಫ್ ಆಗ್ಬಿಡುತ್ತೆ’ ಎಂಬ ದೂರನ್ನು ಒಳ್ಳೆಯ ಮೆಕಾನಿಕ್ ಹೇಗೆ ಬಿಡಿಸುತ್ತಾನೆಂದು ಗಮನಿಸಿದರೆ, ಆ ವಿದ್ಯೆಯ ದೊಡ್ಡ ಪಾಲು ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲೇ ಮುಗಿದಿರುವುದು ಕಾಣುತ್ತದೆ.

ಇಂಜಿನ್ ಒಮ್ಮೆ ಸ್ಟಾರ್ಟ್ ಆಯಿತೆಂದರೆ ಪೆಟ್ರೋಲ್, ಗಾಳಿ, ಕಿಡಿ, ಕಂಪ್ರೆಷನ್ ನಾಲ್ಕೂ ಆ ಗಳಿಗೆಯಲ್ಲಿ ಇದ್ದವು ಎಂದೇ ಅರ್ಥ. ಆಮೇಲೆ ಕೈಬಿಟ್ಟದ್ದು ಯಾವುದು ಎಂಬುದಷ್ಟೇ ಉಳಿದ ಪ್ರಶ್ನೆ. ಅದಕ್ಕೆ ಮೊದಲ ಸುಳಿವು, ಗಾಡಿ ಎಷ್ಟು ಹೊತ್ತು ಓಡಿತು ಎಂಬುದು. ಕಾರ್ಬುರೇಟರ್‌ನ ಫ್ಲೋಟ್ ಬಟ್ಟಲಲ್ಲಿ ಸ್ವಲ್ಪ ಪೆಟ್ರೋಲ್ ಸದಾ ನಿಂತಿರುತ್ತದೆ. ಅದು ತೀರುವವರೆಗೆ ಚೆನ್ನಾಗಿ ಓಡಿ ಒಂದೆರಡು ನಿಮಿಷದಲ್ಲಿ ಆರಿದರೆ, ಟ್ಯಾಂಕಿನಿಂದ ಸಾಕಷ್ಟು ಇಳಿದು ಬರುತ್ತಿಲ್ಲ. ಆಗಲೇ ಟ್ಯಾಂಕಿನ ಮುಚ್ಚಳ ತೆರೆದು ನೋಡಬೇಕು: ಗಾಳಿ ಒಳಕ್ಕೆಳೆದ ಸದ್ದು ಬಂದು ಗಾಡಿ ಮತ್ತೆ ಓಡಿದರೆ, ಮುಚ್ಚಳದಲ್ಲಿರುವ ಗಾಳಿಯ ರಂಧ್ರ ಮುಚ್ಚಿಹೋಗಿದೆ. ಹಾಗಾಗದಿದ್ದರೆ ಕಾಕ್, ಫಿಲ್ಟರ್, ಪೈಪು ನೋಡಬೇಕು. ಚೋಕ್ ಎಳೆದಿರುವವರೆಗೆ ಓಡಿ, ಬಿಟ್ಟ ಕೂಡಲೇ ಆರುವುದು ಬೇರೆಯೇ ಕಥೆ. ಅಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ. ಸಣ್ಣ ಜೆಟ್ಟಿನಲ್ಲಿ ಕಸ ಕೂತಿರಬಹುದು, ಇಲ್ಲವೇ ಕಾರ್ಬುರೇಟರ್ ಮತ್ತು ಇಂಜಿನ್ ನಡುವಿನ ರಬ್ಬರ್ ಸೀಳಿ ಕಳ್ಳಗಾಳಿ ನುಗ್ಗುತ್ತಿರಬಹುದು. ಆ ರಬ್ಬರಿನ ಮೇಲೆ ತುಸು ನೀರು ಚಿಮುಕಿಸಿದಾಗ ಇಂಜಿನ್ನಿನ ಸದ್ದು ಬದಲಾದರೆ ಸೀಳು ಅಲ್ಲೇ. ಇನ್ನು ಹತ್ತು ಹದಿನೈದು ನಿಮಿಷ ಓಡಿ, ಕಾದ ಮೇಲೆ ಆರಿ, ತಣ್ಣಗಾದ ಮೇಲೆ ತಾನಾಗಿ ಸರಿಹೋಗುವ ಗಾಡಿಯಲ್ಲಿ ಇಗ್ನಿಷನ್ ಕಾಯಿಲ್ ಅಥವಾ ಕಂಡೆನ್ಸರ್ ಮೇಲೆ ಅನುಮಾನ ಹೋಗುತ್ತದೆ. ಆದರೆ ಪ್ಲಗ್ ತೆಗೆದು ಕಿಡಿ ನೋಡಬೇಕಾದದ್ದು ಆರಿದ ಆ ಕ್ಷಣದಲ್ಲೇ. ತಣ್ಣಗಾದ ಮೇಲೆ ನೋಡಿದರೆ ಕಿಡಿ ಚೆನ್ನಾಗಿಯೇ ಇರುತ್ತದೆ, ಪರೀಕ್ಷೆ ದಾರಿ ತಪ್ಪಿಸುತ್ತದೆ.

ಇಷ್ಟೆಲ್ಲ ಯಾಕೆ, ಅನುಭವಸ್ಥನಿಗೆ ಸದ್ದು ಕೇಳಿದರೆ ಸಾಕು ಎನ್ನುವವರಿದ್ದಾರೆ. ಅನುಭವದ ಬೆಲೆ ದೊಡ್ಡದು, ನಿಜ. ಮೊದಲು ಯಾವ ಅನುಮಾನ ಪಡಬೇಕೆಂದು ಅದೇ ಹೇಳಿಕೊಡುತ್ತದೆ. ಆದರೆ ಅನುಮಾನವನ್ನೇ ತೀರ್ಪು ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಡೀಸೆಲ್ ಟ್ರ್ಯಾಕ್ಟರೇ ಸಾಕ್ಷಿ. ಗೌರಿಬಿದನೂರಿನ ಮುಸುಕಿನ ಜೋಳದ ಹೊಲದಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಆಗಿ ಆರಿದರೆ ‘ಏರ್ ತಗೊಂಡಿದೆ’ ಎಂದು ಸ್ಕ್ರೂ ಸಡಿಲಿಸಿ, ಪಂಪು ಒತ್ತಿ, ಗುಳ್ಳೆ ಬಿಡಿಸುತ್ತಾರೆ, ಗಾಡಿ ಓಡುತ್ತದೆ. ಮರುದಿನ ಮತ್ತದೇ. ಗಾಳಿ ಹೊರಹೋಯಿತು ನಿಜ, ಅದು ಒಳಬಂದ ಸಡಿಲ ಜಾಯಿಂಟ್ ಹಾಗೇ ಉಳಿಯಿತು. ಇದೇ ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಭೌತಶಾಸ್ತ್ರದ ಮೇಷ್ಟ್ರು ಡಾ. ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಪರೀಕ್ಷೆಗೆ ಒಡ್ಡದೆ ಒಪ್ಪಬಾರದೆಂಬ ಅವರ ಹಟಕ್ಕೂ ಗ್ಯಾರೇಜಿನ ಈ ವಿವೇಕಕ್ಕೂ ದೂರವಿಲ್ಲ ಎಂದೇ ನನ್ನ ಎಣಿಕೆ.

ಈಚೆಗೆ ಸಿದ್ಧ ಉತ್ತರವೊಂದು ಚಾಲ್ತಿಗೆ ಬಂದಿದೆ: ‘ಎಲ್ಲ ಎಥನಾಲ್ ಪೆಟ್ರೋಲ್‌ನಿಂದ’. ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಯುತ್ತಿರುವುದು, ಅದು ತೇವ ಹೀರುವುದು, ಹಳೆಯ ರಬ್ಬರ್ ಭಾಗಗಳಿಗೆ ಒಗ್ಗದಿರುವುದು ಸುಳ್ಳಲ್ಲ. ಹಾಗೆಂದು ಈ ಗಾಡಿಯ ರೋಗವೂ ಅದೇ ಎಂದಾಗದು. ಬಟ್ಟಲಿನ ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ ಸ್ವಲ್ಪ ಹೊತ್ತು ಬಿಟ್ಟರೆ, ನೀರು ಬೇರ್ಪಟ್ಟಿದ್ದಲ್ಲಿ ತಳದಲ್ಲಿ ಬೇರೆ ಪದರ ಕಾಣುತ್ತದೆ. ಕಾಣದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ಇನ್ನೊಂದು ಆಕ್ಷೇಪ ತೂಕದ್ದು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಮಾಲಿನ್ಯ ಮಾನದಂಡ ಬಂದ ಮೇಲೆ ಬಹುಪಾಲು ದ್ವಿಚಕ್ರ ವಾಹನಗಳಲ್ಲೂ ಕಾರ್ಬುರೇಟರ್ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಸ್ಕ್ಯಾನರ್ ಹಚ್ಚಿದರೆ ದೋಷದ ಕೋಡ್ ತಾನೇ ಕಾಣುತ್ತದೆ, ಹಳೆಯ ವಿದ್ಯೆ ಯಾರಿಗೆ ಬೇಕು? ಸ್ಕ್ಯಾನರ್ ಬೇಕೇ ಬೇಕು, ಸಣ್ಣ ಗ್ಯಾರೇಜಿಗೂ ಅದು ಕೈಗೆಟಕುವಂತಾಗಬೇಕು. ಆದರೆ ಅದು ಹೇಳುವುದು ಯಾವ ಅಳತೆ ಮಿತಿ ಮೀರಿದೆ ಎಂಬುದನ್ನಷ್ಟೇ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂಬ ಕೋಡ್ ಬಂದರೆ ಪಂಪು ಸೋತಿದೆಯೋ, ಇಂಜೆಕ್ಟರ್ ಕಟ್ಟಿಕೊಂಡಿದೆಯೋ, ಕಳ್ಳಗಾಳಿ ನುಗ್ಗುತ್ತಿದೆಯೋ ಎಂದು ಮತ್ತೆ ಮನುಷ್ಯನೇ ಒಂದೊಂದಾಗಿ ತಳ್ಳಿಹಾಕಬೇಕು. ಹಾಗೆ ತಳ್ಳಿಹಾಕದೆ ಸೆನ್ಸರ್ ಬದಲಿಸುತ್ತಾ ಹೋದರೆ ಖರ್ಚು ಬೀಳುವುದು ರೈತನ ಜೇಬಿಗೆ. ಪರೀಕ್ಷೆಗೆ ಹಿಡಿದ ಹೊತ್ತಿಗೆ ಕೂಲಿ ಕೊಡಲು ಹಿಂಜರಿದು, ಹೊಸ ಭಾಗಕ್ಕಾದರೆ ಕೇಳಿದಷ್ಟು ಎಣಿಸಿಕೊಡುವ ನಮ್ಮ ಅಭ್ಯಾಸವೂ ಈ ಅವಸರಕ್ಕೆ ಕಾರಣ. ಗಾಡಿಯ ಯಜಮಾನ ನಾಲ್ಕು ಸಂಗತಿ ಗಮನಿಸಿಟ್ಟುಕೊಂಡು ಹೋದರೂ ಅರ್ಧ ಕೆಲಸ ಹಗುರಾಗುತ್ತದೆ: ಎಷ್ಟು ಹೊತ್ತು ಓಡಿತು, ಚೋಕ್ ಎಳೆದಿತ್ತೇ, ಇಂಜಿನ್ ಕಾದಿತ್ತೇ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು.